ನೆರೆಮನೆ ಸಂಬಂಧವಲ್ಲವಂತೆ!

ಬಾಡಿಗೆ ವಸತಿ ನೆರವು ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬಂಟ್ವಾಳದ ಸಭಾಭವನದಲ್ಲಿ ನೀವು ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, 'ನಿಯಮಪಾಲನೆಯಲ್ಲಿ ಮಾದರಿ ಕಟ್ಟಡ' ಎಂಬ ಪ್ರಶಂಸಾಪತ್ರ ಕೊಡುವ ಕಾರ್ಯಕ್ರಮಕ್ಕೆ ನಾನು ಬರುವುದಿಲ್ಲ. ಎದ್ದು ನಡೆಯಲಾರದ ಒಬ್ಬ ಹೆಂಗಸನ್ನು ಅವರದೇ ಮನೆಯಿಂದ ಹೊರಡಿಸಿ, ಆ ಮನೆಗೆ ಬೀಗ ಬೀಳುವಂತೆ ಮಾಡಿ, ಕೊನೆಗೆ ಆ ಬೀಗವನ್ನೇ ನೋಡಿ 'ಇಲ್ಲಿ ಯಾವ ಉಲ್ಲಂಘನೆಯೂ ಇಲ್ಲ' ಎಂದು ಸಂತೋಷಪಟ್ಟವರು ನೀವು. ಬೀಗ ಹಾಕಿದ ಮನೆಯಲ್ಲಿ ನಿಯಮ ಮುರಿಯುವವರು ಯಾರು ಸ್ವಾಮಿ, ಹಲ್ಲಿಗಳೇ? ಈ ಮಾತನ್ನು ಕಚೇರಿಗೆ ಬರೆದು ತಿಳಿಸಬಹುದಿತ್ತು. ಬರೆದೆ ಕೂಡ. 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಎಂಬ ಉತ್ತರ ನನ್ನ ಮೊಬೈಲಿಗೆ ಎಷ್ಟು ಬೇಗ ಬಂತೆಂದರೆ, ನಿಮ್ಮ ಇಲಾಖೆಯಲ್ಲಿ ಅಷ್ಟು ಚುರುಕಾಗಿ ಕೆಲಸ ಮಾಡುವುದು ಯಂತ್ರ ಮಾತ್ರ ಎಂದು ಆಗಲೇ ಅರ್ಥವಾಯಿತು. ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದಲಿ. ಬಿಡುವಾದಾಗ ನೀವೂ ಓದಿ.

ನಾನು ಯಾರೆಂದು ಓದುಗರಿಗೆ ತಿಳಿಯಬೇಕಲ್ಲ. ಮೂಡುಬಿದಿರೆ ಹತ್ತಿರದ ಮಿಜಾರಿನಲ್ಲಿ ನಮ್ಮದೊಂದು ಸಣ್ಣ ಕಟ್ಟಡ ಉಂಟು. ಕಾಲೇಜುಗಳು ಬಂದ ಮೇಲೆ ನಮ್ಮ ಕಡೆ ಕೋಳಿಗೂಡಿಗೂ ಬಣ್ಣ ಬಳಿದು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕಾಲ ಬಂತು. ಹಾಸ್ಟೆಲಿನಲ್ಲಿ ಅಡುಗೆ ಮಾಡುವವರಿಗೆ, ನೆಲ ಒರೆಸುವವರಿಗೆ, ಬೀಡಿ ಕಟ್ಟಿ ಬದುಕುವವರಿಗೆ ವಾಸಕ್ಕೆ ಒಂದು ಕೋಣೆಯೂ ಸಿಗದ ಸ್ಥಿತಿ. ನನ್ನ ಮಾವ ಜಿನರಾಜರು ಇದನ್ನು ನೋಡಿ, ಮನೆಯ ಹಿಂದಿನ ಜಾಗದಲ್ಲಿ ನಿಮ್ಮ ಯೋಜನೆಯ ನೆರವು ಪಡೆದು ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಿದರು. "ಪಿಜಿ ಕಟ್ಟಿಸಿದ್ದರೆ ಹೊಸ ಕಾರು ಬರ್ತಿತ್ತು ಮಾರಾಯ್ರೇ" ಎಂದು ನೆಂಟರು ಇವತ್ತಿಗೂ ಹೇಳುವುದುಂಟು. ಮಾವ ತೀರಿಕೊಂಡ ಮೇಲೆ ಉಸ್ತುವಾರಿ ನನ್ನದು. ಬಾಡಿಗೆ ಎಷ್ಟಿರಬೇಕು, ಯಾರಿಗೆ ಕೊಡಬೇಕು, ಮನೆಯಲ್ಲಿ ಎಷ್ಟು ಜನ ಮಲಗಬೇಕು, ವರ್ಷಕ್ಕೊಮ್ಮೆ ಯಾರ ಆದಾಯ ಏನೆಂದು ಯಾವ ನಮೂನೆಯಲ್ಲಿ ಸಲ್ಲಿಸಬೇಕು ಎಂಬುದೆಲ್ಲ ನಿಮ್ಮ ನಿಯಮ. ಕಟ್ಟಡದ ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದೂ ನಿಮ್ಮದೇ ನಿಯಮ. ಆ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದು ಮಾತ್ರ ನನ್ನ ಸಮಸ್ಯೆ.

ಹಾಗೆಂದು ನಾನು ನಿಯಮದ ವೈರಿಯಲ್ಲ. ಖಾಸಗಿ ಮನೆಗಳ ಯಜಮಾನರು ಅಡ್ವಾನ್ಸ್ ಮಾತಾಡುವ ಮೊದಲು ಹೆಸರು ಕೇಳುತ್ತಾರೆ, ಹೆಸರು ಕೇಳಿದ ಮೇಲೆ "ಮನೆ ಖಾಲಿ ಇಲ್ಲ" ಎನ್ನುತ್ತಾರೆ. ಜಾತಿ, ಧರ್ಮ, ಮೀನಿನ ವಾಸನೆ ನೋಡಿ ಮನೆ ನಿರಾಕರಿಸಬಾರದು ಎಂದು ನಿಮ್ಮ ನಿಯಮ ಹೇಳುತ್ತದೆ. ಅದಕ್ಕೆ ನನ್ನ ನಮಸ್ಕಾರ. ನಮ್ಮದು ಜೈನರ ಮನೆ. ಅತ್ತೆ ಕಮಲಾವತಿ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಹಿತ್ತಲ ಕಡೆಯಿಂದ ಬಂಗುಡೆ ಹುರಿಯುವ ವಾಸನೆ ಮೊದಲ ಸಲ ಬಂದಾಗ ಅವರು ಕಿಟಕಿ ಮುಚ್ಚಿ, ದೇವರ ಕೋಣೆಯಲ್ಲಿ ಕುಳಿತುಬಿಟ್ಟರು. ಆಮೇಲೆ ಕಿಟಕಿ ತೆರೆದವರೂ ಅವರೇ. "ವಾಸನೆ ಗೋಡೆ ದಾಟ್ತದೆ, ನಾವು ಯಾಕೆ ದಾಟಬಾರದು?" ಎಂದು ಬಾಡಿಗೆಯವರ ವೆರಾಂಡಕ್ಕೆ ಹೋಗಿ ಮಾತಿಗೆ ಕೂತರು. ಒಳ್ಳೆಯ ನಿಯಮವೊಂದು ಮನುಷ್ಯರನ್ನು ಹೇಗೆ ಹತ್ತಿರ ತರುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ನೀವು ಹಾಗೆ ಹತ್ತಿರ ಬಂದವರ ಮೇಲೆಯೇ ಕೇಸು ಹಾಕಿದ್ದೀರಿ ಎಂಬುದು ನನ್ನ ದೂರು.

ಮೇಲಿನ ಮಹಡಿಯಲ್ಲಿ ವೆರಾಂಡದ ಈ ಬದಿಯ ಮನೆ ಪ್ರೇಮಾವತಿಯವರದ್ದು. ಮದುವೆಯಾಗಲಿಲ್ಲ. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಚಪಾತಿ ಲಟ್ಟಿಸಿದವರು. ಎದುರು ಬದಿಯ ಮನೆ ಮೈಮೂನಮ್ಮನದ್ದು. ಗಂಡ ತೀರಿಕೊಂಡಿದ್ದಾರೆ, ಬೀಡಿ ಕಟ್ಟುತ್ತಾರೆ. ಮಗಳು ಫರ್ಹಾನ ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇವರಿಬ್ಬರೂ ಮೊದಲಿನಿಂದ ಜೀವದ ಗೆಳತಿಯರು ಎಂದು ನಾನು ಹೇಳಿದರೆ ಅದು ಭಾಷಣವಾದೀತು. ಬಂದ ಹೊಸತರಲ್ಲಿ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರು. ನಾನು ಇನ್ನೊಂದು ಹಗ್ಗ ಕಟ್ಟಿಸಿದೆ. ಆ ಹಗ್ಗದಲ್ಲಿ ಇಬ್ಬರೂ ಹಠಕ್ಕೆ ಬಟ್ಟೆ ಹಾಕಲಿಲ್ಲ! ಆಮೇಲೊಂದು ಮಳೆಗಾಲ ಮೈಮೂನಮ್ಮನಿಗೆ ಡೆಂಗ್ಯೂ ಬಂದಾಗ ಪ್ರೇಮಾವತಿ ಮಾತಾಡದೆ ಗಂಜಿಯ ಪಾತ್ರೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಪಾತ್ರೆ ತೊಳೆದು ವಾಪಸಿಡುವಾಗ ಮೈಮೂನಮ್ಮ ಅದರಲ್ಲಿ ಹಬೆಯಲ್ಲಿ ಬೇಯಿಸಿದ ಒಂದಿಷ್ಟು ಅಕ್ಕಿಯ ಪುಂಡಿಗಟ್ಟಿ ಹಾಕಿಟ್ಟರು. ಮಾತು ಹಾಗೆ ಶುರುವಾಯಿತು.

ಹೋದ ವರ್ಷ ಒಂದು ಬೆಳಗ್ಗೆ ಪ್ರೇಮಾವತಿಯವರ ಕುಕ್ಕರ್ ಸೀಟಿ ಹಾಕುತ್ತಲೇ ಇತ್ತು. ಯಾರೂ ಇಳಿಸುತ್ತಿಲ್ಲವಲ್ಲ ಎಂದು ಬೀಡಿ ಗೆರಸೆ ಬದಿಗಿಟ್ಟು ಹೋದ ಮೈಮೂನಮ್ಮ ಕಂಡದ್ದು ನೆಲದ ಮೇಲೆ ಬಿದ್ದಿದ್ದ ಪ್ರೇಮಾವತಿಯನ್ನು. ಬಾಯಿ ಒಂದು ಬದಿಗೆ ವಾಲಿತ್ತು. ಪಾರ್ಶ್ವವಾಯು. ಆಸ್ಪತ್ರೆಯಿಂದ ಬರುವಾಗ ಬಲಗೈ ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಇನ್ನೊಂದು ವಿಚಿತ್ರವೂ ಆಗಿತ್ತು. ಶಾಲೆಯಲ್ಲಿ ಕಲಿತ, ಕೆಲಸದ ಕಡೆ ಆಡುತ್ತಿದ್ದ ಕನ್ನಡ ಅವರ ನಾಲಿಗೆಯಿಂದ ಪೂರ್ತಿ ಹೊರಟುಹೋಗಿತ್ತು. ಉಳಿದದ್ದು ತುಳು ಮಾತ್ರ, ಅದೂ ತುಂಡು ತುಂಡು. ಡಾಕ್ಟರರು ಹೇಳಿದ್ದು ಇಷ್ಟೇ: "ಒಬ್ಬರೇ ಇರಬಾರದು. ದಿನಾ ಕೈಕಾಲು ಆಡಿಸಬೇಕು, ನಡೆಸಬೇಕು. ಜೊತೆಗೆ ಜನ ಇದ್ದರೆ ಸುಧಾರಿಸ್ತಾರೆ." ಮೈಮೂನಮ್ಮ ಅಂದೇ ತನ್ನ ಹಾಸಿಗೆಯನ್ನು ಸುತ್ತಿ ವೆರಾಂಡ ದಾಟಿಸಿದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಸ್ನಾನ ಮಾಡಿಸಿದರು, ತಿನ್ನಿಸಿದರು, ಸೊಂಟಕ್ಕೆ ತನ್ನ ವೇಲ್ ಕಟ್ಟಿ ಹಿಡಿದುಕೊಂಡು ವೆರಾಂಡದಲ್ಲಿ ನಡೆಸಿದರು. ಸಮಯ ಸಿಕ್ಕಿದಾಗ ಅಲ್ಲೇ ಕುಳಿತು ಬೀಡಿ ಕಟ್ಟಿದರು. ಪ್ರೇಮಾವತಿ ಕಂಬಿ ಹಿಡಿದು ತಾನಾಗಿ ನಾಲ್ಕು ಹೆಜ್ಜೆ ಇಟ್ಟ ದಿನ ನಮ್ಮ ಅತ್ತೆ ಕೆಳಗಿನಿಂದ ಚಪ್ಪಾಳೆ ತಟ್ಟಿದರು. ಮೈಮೂನಮ್ಮ ಮಾತ್ರ ಬೈದರು: "ನನ್ನನ್ನು ಹಿಡಿದುಕೊಳ್ಳದೆ ನಡೀಬೇಡಿ ಅಂತ ಹೇಳಿದ್ದೇನಲ್ಲ, ಬಿದ್ದರೆ ನನಗೇ ಕೆಲಸ!"

ಇಂಥ ಹೊತ್ತಿನಲ್ಲಿ ನಿಮ್ಮ ಪರಿಶೀಲನಾಧಿಕಾರಿ ಬಂದರು. ಘಟ್ಟದ ಮೇಲಿನವರು, ಸಭ್ಯರು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ಮನುಷ್ಯರನ್ನು ನೋಡುವ ಮೊದಲು ಅವರು ನೋಡಿದ್ದು ಹಾಸಿಗೆಗಳನ್ನು.

"ಈ ಎರಡನೇ ಹಾಸಿಗೆ ಯಾರದ್ದು?"

"ನನ್ನದು," ಎಂದರು ಮೈಮೂನಮ್ಮ.

"ನಿಮ್ಮ ಮನೆ ಯಾವುದು?"

"ಎದುರಿನದ್ದು."

"ಅಲ್ಲಿ ಯಾರು ಮಲಗೋದು?"

"ಮಗಳು."

"ಅಂದ್ರೆ ನೀವಿಲ್ಲಿ ಒಳಬಾಡಿಗೆಗಿದ್ದೀರಿ."

"ಎಂಥ ಬಾಡಿಗೆ! ಇವರನ್ನು ಎತ್ತಿ ಕೂರಿಸ್ಲಿಕ್ಕೆ ನಾನು ಇಲ್ಲಿ ಇರುವುದು ಮಾರಾಯ್ರೇ."

ಆಮೇಲೆ ಅವರು ಪ್ರೇಮಾವತಿಯ ಕಡೆ ತಿರುಗಿ, "ಇವರು ನಿಮಗೆ ಬಾಡಿಗೆ ಕೊಡ್ತಾರಾ?" ಎಂದು ಸ್ಪಷ್ಟ ಕನ್ನಡದಲ್ಲಿ ಕೇಳಿದರು. ಪ್ರೇಮಾವತಿ ಬಹಳ ಕಷ್ಟಪಟ್ಟು, ಒಂದೊಂದೇ ಪದವನ್ನು ಗಂಟಲಿನಿಂದ ಎಳೆದು ತಂದು ಹೇಳಿದರು: "ಆರ್ ಇಜ್ಜಾಂಡ ಯಾನ್ ಇಜ್ಜಿ." ಅವರು ಇಲ್ಲದಿದ್ದರೆ ನಾನಿಲ್ಲ ಎಂದು ಅದರ ಅರ್ಥ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ವಾಕ್ಯ ಅದು. ನಾನು ಕನ್ನಡಕ್ಕೆ ತಿರುಗಿಸಿ ಹೇಳಲು ಹೊರಟರೆ ಅಧಿಕಾರಿಗಳು ಕೈ ಅಡ್ಡ ಹಿಡಿದು, "ನೀವು ಮಧ್ಯೆ ಮಾತಾಡ್ಬೇಡಿ ಮೇಡಂ, ನೀವು ಹಿತಾಸಕ್ತಿ ಇರೋರು" ಎಂದರು. ವರದಿಯಲ್ಲಿ ಏನು ಬಂತು ಗೊತ್ತೇ? 'ಮೂಲ ಬಾಡಿಗೆದಾರರು ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದರು.' ತುಳುನಾಡಿಗೆ ಬಂದು, ತುಳುವಿನಲ್ಲಿ ಉತ್ತರ ಪಡೆದು, ಅದನ್ನು ನಿರಾಕರಣೆ ಎಂದು ಬರೆಯುವವರಿಗೆ ನಿಮ್ಮ ಇಲಾಖೆಯಲ್ಲಿ ಏನೆಂದು ಕರೆಯುತ್ತಾರೆ? ಪರಿಶೀಲಕರು ಎಂದೇ?

ಆ ವರದಿ ಎರಡು ಅಪರಾಧಗಳನ್ನು ಪತ್ತೆ ಹಚ್ಚಿತು. ಪ್ರೇಮಾವತಿ ಮನೆಯನ್ನು ಒಳಬಾಡಿಗೆಗೆ ಕೊಟ್ಟಿದ್ದಾರೆ, ಆದ್ದರಿಂದ ಅನರ್ಹರು. ಮೈಮೂನಮ್ಮ ಮಂಜೂರಾದ ಮನೆಯಲ್ಲಿ ವಾಸವಿಲ್ಲ, ಆದ್ದರಿಂದ ಅವರೂ ಅನರ್ಹರು. ಒಬ್ಬರ ಮನೆಯಲ್ಲಿ ಜನ ಹೆಚ್ಚಾಯಿತು, ಇನ್ನೊಬ್ಬರ ಮನೆಯಲ್ಲಿ ಕಡಿಮೆಯಾಯಿತು. ನಡುವೆ ಇರುವುದು ಒಂದು ವೆರಾಂಡ. ಇಬ್ಬರಿಗೂ ಮನೆ ಖಾಲಿ ಮಾಡಲು ನೋಟಿಸ್ ಕೊಡಿ, ಇಲ್ಲವಾದರೆ ಕಟ್ಟಡದ ನೋಂದಣಿ ರದ್ದಾಗುತ್ತದೆ ಎಂದು ನನಗೆ ಆದೇಶ ಬಂತು. ಕೊಡುವುದಿಲ್ಲ ಎಂದು ಹೇಳಲು ನಾನು ಬಂಟ್ವಾಳಕ್ಕೆ, ನಿಮ್ಮ ಕೋಣೆಗೇ ಬಂದಿದ್ದೆ. ನಿಮಗೆ ನೆನಪಿರಲಾರದು. ನನಗೆ ನೆನಪಿದೆ.

"ಆರೈಕೆದಾರರನ್ನು ಇಟ್ಟುಕೊಳ್ಳಲು ಅವಕಾಶ ಇದೆಯಮ್ಮ," ಎಂದಿರಿ ನೀವು. "ರಕ್ತಸಂಬಂಧಿ ಆಗಿರಬೇಕು, ಅಷ್ಟೆ."

"ಅವರಿಗೆ ಇರುವುದು ಒಬ್ಬ ತಮ್ಮ ಸರ್. ವಾಮದಪದವಿನಲ್ಲಿ ಸಣ್ಣ ಅಂಗಡಿ ಉಂಟು. ಅಂಗಡಿ ಮುಚ್ಚಿ ಬಂದು ಅಕ್ಕನಿಗೆ ಸ್ನಾನ ಮಾಡಿಸ್ಲಿಕ್ಕೆ ಆಗ್ತದಾ?"

"ಅದು ಅವರ ಕುಟುಂಬದ ವಿಷಯ."

"ಮೈಮೂನಮ್ಮ ಮಾಡ್ತಾ ಇದ್ದಾರಲ್ಲ?"

"ಅವರು ಇವರಿಗೆ ಏನಾಗಬೇಕು?"

"ನೆರೆಮನೆಯವರು."

ನೀವು ನಕ್ಕಿರಿ. ಕೆಟ್ಟ ನಗುವಲ್ಲ, ಮಗುವಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರ ನಗು. "ನೆರೆಮನೆ ಅನ್ನೋದು ಸಂಬಂಧ ಅಲ್ಲಮ್ಮ. ಅದು ವಿಳಾಸ."

ಆ ಮಾತು ನನ್ನ ತಲೆಯಲ್ಲಿ ಇನ್ನೂ ಉಳಿದಿದೆ. ಅಲ್ಲ ಮಾನ್ಯರೇ, ನಿಮ್ಮ ಮನೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಓಡಿ ಬರುವವರು ವಂಶವೃಕ್ಷ ಹಿಡಿದುಕೊಂಡು ಬರುತ್ತಾರೆಯೇ? ಹಾವು ಕಚ್ಚಿದಾಗ ಬೈಕ್ ಹತ್ತಿಸುವವರು, ಹೆರಿಗೆ ನೋವು ಬಂದಾಗ ರಿಕ್ಷಾ ಕರೆಯುವವರು, ಸತ್ತಾಗ ಬಾಯಿಗೆ ನೀರು ಬಿಡುವವರು, ಇವರೆಲ್ಲ ನಿಮ್ಮ ಕಡತದಲ್ಲಿ ಬರೀ ವಿಳಾಸಗಳೇ? ನಿಮ್ಮ ನಿಯಮದ ಪ್ರಕಾರ, ಹತ್ತು ವರ್ಷ ಮುಖ ತೋರಿಸದ ದಾಯಾದಿಯೊಬ್ಬ ನಾಳೆ ಬಂದು, ಪ್ರೇಮಾವತಿಯ ಮಂಚದ ಪಕ್ಕ ಕುಡಿದು ಬಿದ್ದಿದ್ದರೂ ಅವನು ಅಧಿಕೃತ ಆರೈಕೆದಾರ. ರಕ್ತ ಒಂದೇ ಅಲ್ಲವೇ! ಬೆನ್ನು ಉಜ್ಜಿ, ಬಾಯಿ ಒರೆಸಿ, ಮಲಮೂತ್ರ ತೆಗೆದ ಮೈಮೂನಮ್ಮ ಅಕ್ರಮ ನಿವಾಸಿ. ಬಡವರ ಮನೆಯಲ್ಲಿ ಸುಳ್ಳು ಬಾಡಿಗೆದಾರರು ಸೇರಬಾರದೆಂದು ಈ ನಿಯಮ ಬಂದಿರಬಹುದು. ಅದನ್ನು ನಾನು ಒಪ್ಪುತ್ತೇನೆ. ಆದರೆ ಕಳ್ಳರನ್ನು ಹಿಡಿಯಲು ಹಾಕಿದ ಬಲೆಗೆ ದಾದಿ ಸಿಕ್ಕಿಬಿದ್ದರೆ, ಬಲೆ ಹಾಕಿದವರು ಬಿಡಿಸಬೇಕೋ, ಒಳ್ಳೆ ಬೇಟೆ ಎಂದು ಅಂಗಡಿಗೆ ಒಯ್ಯಬೇಕೋ?

ನಾನು ನಿಮ್ಮ ಕೋಣೆಯ ಹೊರಗೆ ಮೇಲ್ಮನವಿಯ ನಮೂನೆಗಾಗಿ ಕಾಯುತ್ತಿದ್ದಾಗಲೇ ನಿಮ್ಮ ಕಚೇರಿಯಿಂದ ವಾಮದಪದವಿಗೆ ಫೋನ್ ಹೋಗಿತ್ತು. ಪ್ರೇಮಾವತಿಯ ತಮ್ಮ ನಿತ್ಯಾನಂದ ಪಾಪದ ಮನುಷ್ಯ, ಪೊಲೀಸ್ ಜೀಪು ಕಂಡರೆ ಅಂಗಡಿಯ ಒಳಗೆ ಸರಿಯುವವರು. 'ನಿಮ್ಮ ಅಕ್ಕನ ಮೇಲೆ ಅಕ್ರಮ ಒಳಬಾಡಿಗೆ ಪ್ರಕರಣ ಇದೆ, ಸ್ವಇಚ್ಛೆಯಿಂದ ಖಾಲಿ ಮಾಡಿದರೆ ಮುಂದುವರಿಸುವುದಿಲ್ಲ' ಎಂದು ಯಾರೋ ಹೇಳಿದರಂತೆ. ನಾನು ಬಸ್ಸಿಳಿದು ಮನೆಗೆ ಬರುವಾಗ ಅವರು ಬಾಡಿಗೆಯ ಓಮ್ನಿ ತಂದು ನಿಲ್ಲಿಸಿಯಾಗಿತ್ತು. ಪ್ರೇಮಾವತಿ ಎಡಗೈಯಲ್ಲಿ ವೆರಾಂಡದ ಕಂಬಿ ಹಿಡಿದು ಬಿಡುತ್ತಿರಲಿಲ್ಲ. "ಅಕ್ಕಾ, ಬಾ. ಪೊಲೀಸರು ಬಂದರೆ ಈ ವಯಸ್ಸಿನಲ್ಲಿ ಮರ್ಯಾದೆ ಎಂತ ಆಗ್ತದೆ?" ಎಂದು ನಿತ್ಯಾನಂದ ತುಳುವಿನಲ್ಲಿ ಬೇಡಿಕೊಳ್ಳುತ್ತಿದ್ದರು. ಹೋಗಬೇಡಿ, ನಾನು ನೋಟಿಸ್ ಕೊಡುವುದಿಲ್ಲ ಎಂದು ನಾನೆಷ್ಟು ಹೇಳಿದರೂ ಅವರ ಹೆದರಿಕೆ ಇಳಿಯಲಿಲ್ಲ. ಕೊನೆಗೆ ಆ ಬೆರಳುಗಳನ್ನು ಬಿಡಿಸಿದ್ದು ಮೈಮೂನಮ್ಮ. "ನಾನು ಬರ್ತೇನೆ, ನೋಡ್ಲಿಕ್ಕೆ ಬಂದೇ ಬರ್ತೇನೆ" ಎಂದು ಹೇಳುತ್ತಾ ಒಂದೊಂದೇ ಬೆರಳು ಬಿಡಿಸಿದರು. ಗಾಡಿ ಹೋದ ಮೇಲೆ ತನ್ನ ಹಾಸಿಗೆ ಸುತ್ತಿ, ವೆರಾಂಡ ದಾಟಿ, ತನಗೆ ಮಂಜೂರಾದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೀಗೆ ನಿಮ್ಮ ಎರಡೂ ಉಲ್ಲಂಘನೆಗಳು ಒಂದೇ ಸಂಜೆ ಸರಿಯಾದವು.

ಖಾಲಿ ಮನೆಗೆ ನೀವೇ ಕಂಪ್ಯೂಟರಿನಿಂದ ಹೊಸ ಬಾಡಿಗೆದಾರರನ್ನು ಆರಿಸಿ ಕಳಿಸಿದಿರಿ. ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಒಬ್ಬರು. ಫೋನಿನಲ್ಲಿ ಅವರು ಕೇಳಿದ್ದು: "ಅಮ್ಮ, ನಾನು ಕೇಳಿದ್ದು ಬೆಳ್ತಂಗಡಿಯಲ್ಲಿ ಮನೆ. ನನ್ನ ಕೆಲಸ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಮಿಜಾರಿನಿಂದ ದಿನಾ ಹೇಗೆ ಬಂದು ಹೋಗುವುದು, ಹಾರಿಕೊಂಡಾ?" ಅವರು ಒಪ್ಪಲಿಲ್ಲ. ಅವರು ಒಪ್ಪದಿದ್ದದ್ದು ಕಂಪ್ಯೂಟರಿಗೆ ಅರ್ಥವಾಗಲಿಲ್ಲ. ಆದ್ದರಿಂದ ಬೇರೆಯವರಿಗೆ ಕೊಡುವಂತಿಲ್ಲ. ಮನೆ ಬೀಗ ಹಾಕಿಕೊಂಡು ಕುಳಿತುಬಿಟ್ಟಿತು. ಒಂದು ಮನೆ, ಅದು ಬೇಕಾದವರಿಗಿಲ್ಲ, ಸಿಕ್ಕಿದವರಿಗೆ ಬೇಡ! ಅದೇ ತ್ರೈಮಾಸಿಕದಲ್ಲಿ ನಮ್ಮ ಕಟ್ಟಡ ಮಾದರಿಯಾಯಿತು.

ಈಗ ವಾಮದಪದವಿನ ಕಥೆ ಕೇಳಿ. ನಿತ್ಯಾನಂದರ ಮನೆ ಗುಡ್ಡದ ಬದಿಯಲ್ಲಿ. ಶೌಚಾಲಯ ಹೊರಗೆ, ಅಲ್ಲಿಗೂ ರಸ್ತೆಗೂ ಮೆಟ್ಟಿಲಿಳಿದೇ ಹೋಗಬೇಕು. ಹೆಂಡತಿ ಗೇರುಬೀಜದ ಕಾರ್ಖಾನೆಗೆ ಹೋಗುವವರು, ಅವರು ಅಂಗಡಿಗೆ. ಬೆಳಗ್ಗೆ ತಿನ್ನಿಸಿ ಮಲಗಿಸಿ ಹೋದರೆ ಮಧ್ಯಾಹ್ನದವರೆಗೆ ಪ್ರೇಮಾವತಿ ಒಬ್ಬರೇ. ನಡೆಸುವವರಿಲ್ಲ. ಮೈಮೂನಮ್ಮ ಕೊಟ್ಟ ಮಾತಿನಂತೆ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ರಜೆ ಇದ್ದಾಗಲೆಲ್ಲ ಬಸ್ಸು ಬದಲಾಯಿಸಿ ಹೋಗುತ್ತಿದ್ದರು. ಮೊದಲ ಸಲ ಹೋದಾಗ ಪ್ರೇಮಾವತಿ ಕುಳಿತಿದ್ದರು. ಆಮೇಲೆ ಹೋದಾಗ ಒರಗಿದ್ದರು. ಇತ್ತೀಚೆಗೆ ಹೋಗಿ ಬಂದವರು ನೇರವಾಗಿ ನಮ್ಮ ಜಗಲಿಗೆ ಬಂದು, ಚೀಲ ಕೆಳಗಿಡದೆ ನಿಂತರು.

"ಸಾಧನಕ್ಕ, ಬೆನ್ನಿನಲ್ಲಿ ಹುಣ್ಣಾಗಿದೆ. ನನ್ನ ಕೈ ಹಿಡಿದು 'ಇಲ್ಲಡೆ ಪೋಯಿ' ಅಂತಾರೆ. ಮನೆಗೆ ಹೋಗುವ ಅಂತ. ನಾನು ಯಾವ ಮನೆಗೆ ಅಂತ ಹೇಳಲಿ?"

ನಾನು ಏನೋ ಹೇಳಲು ಹೊರಟೆ. ನಿಮ್ಮ ಮೇಲ್ಮನವಿ, ನಿಮ್ಮ ಪರಿಶೀಲನೆ, ಇನ್ನೂ ಸ್ವಲ್ಪ ಕಾಯುವ ಎಂಬಂಥ ಮಾತು. ಆದರೆ ಒಳಗಿನಿಂದ ಬಂದ ಅತ್ತೆ ನನ್ನ ಕೈಗೆ ಮಾವನ ಹಳೆ ಕಾರಿನ ಕೀ ಕೊಟ್ಟು, "ಹೊರಡು" ಎಂದರು. ಅಷ್ಟೇ.

ಫರ್ಹಾನ ಅಂಗಡಿಗೆ ರಜೆ ಹಾಕಿದಳು. ನಾವು ಮೂವರೂ ಹೋದೆವು. ನಿತ್ಯಾನಂದ ತಡೆಯುತ್ತಾರೇನೋ ಎಂದು ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಅವರು ಅಂಗಡಿಯ ಶಟರ್ ಎಳೆದು ಬಂದು, ಅಕ್ಕನನ್ನು ಮಗುವಿನಂತೆ ಎತ್ತಿಕೊಂಡು ಆ ಮೆಟ್ಟಿಲುಗಳನ್ನು ಇಳಿದರು. ಕಾರಿನಲ್ಲಿ ಕೂರಿಸಿ, ಬೆವರು ಒರೆಸಿಕೊಳ್ಳುತ್ತಾ, "ಸಾಧನಕ್ಕ, ನಾನು ಹೆದರಿ ತಪ್ಪು ಮಾಡಿದೆ. ಈಗ ಕೇಸಾದರೆ ಆಗಲಿ, ನಾನೂ ಬಂದು ನಿಲ್ತೇನೆ" ಎಂದರು. ಹೆದರಿಸಿದ್ದು ನೀವು, ತಪ್ಪೆಂದು ಒಪ್ಪಿಕೊಂಡದ್ದು ಅವರು. ನಮ್ಮ ದೇಶದಲ್ಲಿ ತಪ್ಪೊಪ್ಪಿಕೊಳ್ಳುವ ಕೆಲಸವನ್ನೂ ಬಡವರಿಗೇ ಗುತ್ತಿಗೆ ಕೊಟ್ಟಿದ್ದೇವಲ್ಲ!

ಹೌದು ಮಾನ್ಯರೇ, ನಾನು ಬೀಗ ತೆಗೆದಿದ್ದೇನೆ. ಪ್ರೇಮಾವತಿ ತಮ್ಮದೇ ಮನೆಯಲ್ಲಿದ್ದಾರೆ. ಹುಣ್ಣು ಮಾಯುತ್ತಿದೆ ಎಂದು ನರ್ಸ್ ಹೇಳಿದ್ದಾರೆ. ನಡೆಯುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ನೀವು ಕಸಿದ ಆ ನಾಲ್ಕು ಹೆಜ್ಜೆಗಳು ಇನ್ನೂ ಮರಳಿಲ್ಲ, ಮರಳುತ್ತವೆಯೋ ಎಂದು ಡಾಕ್ಟರರೂ ಖಚಿತವಾಗಿ ಹೇಳುವುದಿಲ್ಲ. ಮೈಮೂನಮ್ಮ ಅವರ ಜೊತೆಗೇ ಮಲಗುತ್ತಿದ್ದಾರೆ. ಎದುರಿನ ಮನೆಯಲ್ಲಿ ಫರ್ಹಾನ ಇದ್ದಾಳೆ. ಇದು ನಿಮ್ಮ ನಿಯಮದ ಉಲ್ಲಂಘನೆ ಎಂದು ತಿಳಿದೇ ಮಾಡಿದ್ದೇನೆ, ನಿಮ್ಮ ಪರಿಶೀಲಕರಿಗೆ ಪತ್ತೆ ಹಚ್ಚುವ ಶ್ರಮ ಬೇಡವೆಂದು ನಾನೇ ಇಲ್ಲಿ ಬರೆದು ತಿಳಿಸುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಬಾಡಿಗೆದಾರರು ತಾವೇ ಬಯಸಿದ ವ್ಯಕ್ತಿ, ಅವರು ಯಾರೇ ಆಗಿರಲಿ, ಆರೈಕೆದಾರರಾಗಿ ಜೊತೆಗಿರಬಹುದು ಎಂದು ಆದೇಶ ಮಾಡಿ. ಆ ಕಾರಣಕ್ಕೆ ಅವರ ಸ್ವಂತ ಮನೆ ತಪ್ಪಬಾರದು ಎಂದೂ ಅದರಲ್ಲೇ ಬರೆಯಿರಿ. ತುಳು ತಿಳಿಯದವರನ್ನು ಇಲ್ಲಿಗೆ ಕಳಿಸುವುದಾದರೆ ತಿಳಿದವರೊಬ್ಬರನ್ನು ಜೊತೆಗೆ ಕಳಿಸಿ. ಇಷ್ಟು ಮಾಡಲಾಗದಿದ್ದರೆ ನನ್ನ ನೋಂದಣಿ ರದ್ದು ಮಾಡಿ, ನೆರವು ಹಿಂತೆಗೆದುಕೊಳ್ಳಿ, ಅದಕ್ಕೂ ಸಿದ್ಧಳಿದ್ದೇನೆ. ಆದರೆ ಖಾಲಿ ಮಾಡಿಸುವ ಕೆಲಸವನ್ನು ನನ್ನ ಕೈಯಲ್ಲಿ, ಫೋನಿನಲ್ಲಿ, ಹೆದರುವ ತಮ್ಮನ ಕೈಯಲ್ಲಿ ಮಾಡಿಸಬೇಡಿ. ನೀವೇ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಬಂದರೆ ಅನುಕೂಲ. ಆಗ ಮೈಮೂನಮ್ಮ ಅನ್ನ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಪ್ರೇಮಾವತಿಗೆ ತಿನ್ನಿಸುತ್ತಿರುತ್ತಾರೆ. ತುತ್ತು ಬಾಯಿಗೆ ಹೋಗುವ ಮೊದಲು ಆ ಕೈಯನ್ನು ಹಿಡಿದು ನಿಲ್ಲಿಸಿ. ಅಷ್ಟು ಮಾಡಲು ನಿಮ್ಮಿಂದ ಆದರೆ ನಿಮ್ಮ ನಿಯಮ ಗೆದ್ದಿತು ಎಂದು ಒಪ್ಪುತ್ತೇನೆ.

ಇಂತಿ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಇಷ್ಟು ಉದ್ದ ಬರೆದ,
ಸಾಧನಾ,
ಕಟ್ಟಡದ ಉಸ್ತುವಾರಿ (ಸದ್ಯಕ್ಕೆ),
ಮಿಜಾರು, ಮೂಡುಬಿದಿರೆ